ಲಾಭ ಪುಸ್ತಕದಲ್ಲಿ, ಗಲ್ಲಾ ಖಾಲಿ: ಶ್ರೀನಿವಾಸಪುರದ ಮಾವು ಕಲಿಸುವ ಲೆಕ್ಕ

“ವ್ಯಾಪಾರ ಉಂಟು, ಕೈಯಲ್ಲಿ ದುಡ್ಡಿಲ್ಲ.” ಅಂಗಡಿ, ಹೊಟೇಲು, ಹಣ್ಣು-ತರಕಾರಿ ವ್ಯಾಪಾರ ನಂಬಿದ ನಮ್ಮ ಬ್ಯಾರಿ ಮನೆಗಳಿಗೆ ಈ ಮಾತು ಹೊಸದಲ್ಲ. ಕಾರಣ ತಿಳಿಯಲು ನಮ್ಮ ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75ರಲ್ಲೇ ಕೋಲಾರದ ತನಕ ಹೋಗಿ ಬರೋಣ.

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. ಮಾಲೂರು, ಮುಳಬಾಗಿಲು ಕಡೆಯ ಮಾಲೂ ಅಲ್ಲಿಗೆ ಬರುತ್ತದೆ. ಕೊಂಡದ್ದನ್ನು ಕೆಲವೇ ದಿನದಲ್ಲಿ ಮಾರಲೇಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಲಾಭವೋ ನಷ್ಟವೋ, ದುಡ್ಡು ಬೇಗ ತಿರುಗುತ್ತದೆ.

ಶ್ರೀನಿವಾಸಪುರದ ಮಾವಿನ ಕಥೆ ಬೇರೆ. ಹೂ ಬಿಡುವಾಗಲೇ ತೋಟ ಗುತ್ತಿಗೆ ಹಿಡಿದು ಮುಂಗಡ ಕೊಟ್ಟವರು ಮೇ-ಜೂನ್ ತನಕ ಕಾಯಬೇಕು. 2025ರ ಜೂನ್‌ನಲ್ಲಿ ಹಣ್ಣು ಬಂದಾಗ ತೋತಾಪುರಿ ದರ ಕುಸಿದಿತ್ತು. ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನು ನಂಬಿದ್ದ ಮಾಲು ಇಲ್ಲೇ ಉಳಿಯಿತು. ಕೊನೆಗೆ ಕೇಂದ್ರ ಸರಕಾರ ಕ್ವಿಂಟಾಲಿಗೆ 1,616 ರೂ. ದರ ನಿಗದಿ ಮಾಡಿ, 2.5 ಲಕ್ಷ ಟನ್ ತನಕ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ದರ ಬಿದ್ದದ್ದು ಒಂದು ಪೆಟ್ಟು. ತಿಂಗಳುಗಟ್ಟಲೆ ದುಡ್ಡು ಸಿಕ್ಕಿಬಿದ್ದದ್ದು ಇನ್ನೊಂದು.

ಈ ಎರಡನೇ ಪೆಟ್ಟನ್ನು ಮೊದಲೇ ಅಳೆಯಬಹುದು. ಮಾಲು ಅಂಗಡಿಯಲ್ಲಿ ಕೂರುವ ದಿನಕ್ಕೆ ಗಿರಾಕಿಯ ಸಾಲ ವಸೂಲಾಗುವ ದಿನ ಕೂಡಿಸಿ. ಅದರಲ್ಲಿ ನಮಗೆ ಮಾಲು ಕೊಟ್ಟವರು ಕಾಯುವ ದಿನ ಕಳೆಯಿರಿ. ಉಳಿದಷ್ಟು ದಿನ ನಮ್ಮ ಸ್ವಂತ ದುಡ್ಡು ಹೊರಗಿರುತ್ತದೆ.

ಒಂದು ಅಂಗಡಿಯಲ್ಲಿ ಮಾಲು 40 ದಿನ ಕೂರುತ್ತದೆ, ಸಾಲ ಬರಲು 30 ದಿನ, ಏಜೆಂಟ್ ಕಾಯುವುದು 15 ದಿನ ಅಂತಿಟ್ಟುಕೊಳ್ಳಿ. ಉಳಿದದ್ದು 55 ದಿನ. ದಿನಕ್ಕೆ 10,000 ರೂಪಾಯಿಯ ಅಸಲಿನ ಮಾಲು ಹೋಗುವುದಾದರೆ ಸುಮಾರು 5.5 ಲಕ್ಷ ರೂ. ಹೊರಗೆ. ಸಾಲದ ವಸೂಲಿ 10 ದಿನ ಬೇಗ ಆದರೂ ಸಾಕು, 1 ಲಕ್ಷ ಕೈಗೆ ಬರುತ್ತದೆ. ಅಷ್ಟಕ್ಕೇ ಅಲ್ವಾ ನಾವು ಎಷ್ಟೋ ಸಲ ಸಾಲಕ್ಕೆ ಅಲೆಯುವುದು?

ಬಡ್ಡಿಯಿಂದ ದೂರ ಇರಬೇಕೆನ್ನುವ ನಮಗೆ ಈ ಲೆಕ್ಕ ಇನ್ನೂ ಮುಖ್ಯ. ಮಾವಿನವರಿಗೆ ಕಾಲವನ್ನು ಕಿರಿದು ಮಾಡಲು ಆಗದು, ಹಣ್ಣು ಬಲಿಯುವ ತನಕ ಕಾಯಲೇಬೇಕು. ನಮ್ಮ ಅಂಗಡಿಗಳಿಗೆ ಆ ಕಟ್ಟುಪಾಡಿಲ್ಲ. ಮಾರದ ಮಾಲು ಕಡಿಮೆ ತರಿಸುವುದು, ಸಾಲಕ್ಕೆ ವಾಯಿದೆ ಹೇಳುವುದು ನಮ್ಮ ಕೈಯಲ್ಲೇ ಉಂಟು. ಇವತ್ತು ರಾತ್ರಿ ಅಂಗಡಿ ಬಾಗಿಲು ಹಾಕುವ ಮೊದಲು ಸಾಲದ ಪುಸ್ತಕ ತೆರೆದು, ಲಾಭದ ಜೊತೆ ದಿನಗಳನ್ನೂ ಎಣಿಸೋಣ.