ಆಟದ ಅಂಗಳದ ಬೈಗುಳಕ್ಕೆ ಹೊಣೆ ಯಾರು?

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ನೀಡಿತು. ಸಾಲದ ಸುಳಿಗೆ ಸಿಕ್ಕ ಕುಟುಂಬಗಳ ಸಂಕಟವನ್ನು ಕಂಡವರಿಗೆ ಈ ಆದ್ಯತೆ ಸಹಜವೆನಿಸುತ್ತದೆ. ಆದರೆ ಹಣದ ಸೋಂಕಿಲ್ಲದ ಆಟಗಳಲ್ಲಿಯೂ ಒಂದು ಹಿಂಸೆ ಉಂಟು. ಅದು ಮಾತಿನ ಹಿಂಸೆ. ಅದರ ಬಗೆಗೆ ನಮ್ಮ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಮೌನವಾಗಿದೆ.

ಬಿಜಿಎಂಐನಂತಹ ಆಟದಲ್ಲಿ ಪರಸ್ಪರ ಪರಿಚಯವಿಲ್ಲದ ನಾಲ್ವರು ಒಂದು ತಂಡವಾಗುತ್ತಾರೆ. ಮೈಕ್ ತೆರೆದಿರುತ್ತದೆ. ಸೇಡಂ ತಾಲ್ಲೂಕಿನ ಮುಧೋಳದ ಹುಡುಗನಿಗೆ ಹೈದರಾಬಾದಿನ ಅಪರಿಚಿತ ಜೊತೆಗಾರನಾಗಬಹುದು. ಸೋಲು ಎದುರಾದೊಡನೆ ಜಾತಿ, ಧರ್ಮ, ತಾಯಿ, ತಂಗಿ ಎಲ್ಲವೂ ಬೈಗುಳದ ಸರಕಾಗುತ್ತವೆ. ಹೆಣ್ಣುದನಿ ಕೇಳಿಸಿತೆಂದರೆ ಆಟವೇ ಮರೆತುಹೋಗುತ್ತದೆ.

ಇದಕ್ಕೆ ಕಂಪನಿಗಳ ಬಳಿಯಿರುವ ಮುಖ್ಯ ಅಸ್ತ್ರ ನಿಷೇಧಿತ ಪದಗಳ ಪಟ್ಟಿ. ಇಂಗ್ಲಿಷಿಗೆ ಹೊಂದುವ ಈ ಜರಡಿಯಲ್ಲಿ ರೋಮನ್ ಲಿಪಿಯ ಕನ್ನಡ ಸುಲಭವಾಗಿ ನುಸುಳುತ್ತದೆ. ಒಂದಕ್ಷರ ಬದಲಿಸಿದರೆ ಸಾಕು. ‘ಕಾಲ್ ಆಫ್ ಡ್ಯೂಟಿ’ 2023ರಲ್ಲಿ ಧ್ವನಿ ಆಲಿಸುವ ಕೃತಕ ಬುದ್ಧಿಮತ್ತೆಯನ್ನು ಬಳಸಲಾರಂಭಿಸಿದಾಗಲೂ ಅದು ಮೊದಲು ಕಲಿತದ್ದು ಇಂಗ್ಲಿಷನ್ನೇ. ಸೇಡಂ, ವಾಡಿ, ಚಿಂಚೋಳಿಗಳಲ್ಲಿ ಕನ್ನಡದೊಡನೆ ದಖನಿ ಉರ್ದು, ತೆಲುಗು, ಲಂಬಾಣಿ ಬೆರೆತಿವೆ. ಕನ್ನಡ ಒಂದೇ ಬಗೆಯದಲ್ಲವೆಂದು ಒಂಬತ್ತನೇ ಶತಮಾನದಲ್ಲೇ ಗುರುತಿಸಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ತಾಲ್ಲೂಕಿನ ಮಳಖೇಡದ ಆಸ್ಥಾನದಲ್ಲಿ. ಆ ಅರಿವು ಇಂದಿನ ಯಂತ್ರಕ್ಕೆ ಇನ್ನೂ ದಕ್ಕಿಲ್ಲ.

ಪದದ ಪಟ್ಟಿ ಸಾಲದೆಂಬುದೂ ಹೊಸ ತಿಳಿವಳಿಕೆಯಲ್ಲ. ಶಹಾಬಾದ್ ಬಳಿಯ ಮರ್ತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ವಾಕ್ಪಾರುಷ್ಯ’ವೆಂಬ ಪ್ರಕರಣವೇ ಇದೆ. ಅಂಗವಿಕಲರನ್ನು ನಿಜ ಹೇಳಿ ಹೀಯಾಳಿಸಿದರೂ, ವ್ಯಂಗ್ಯವಾಗಿ ಹೊಗಳಿದರೂ ಅಲ್ಲಿ ದಂಡವಿದೆ. ಬೈಗುಳದ ವಿಷ ಪದದಲ್ಲಿಲ್ಲ, ಉದ್ದೇಶದಲ್ಲಿದೆ ಎಂಬುದು ಇದರ ತಾತ್ಪರ್ಯ. ವರ್ಣಕ್ಕೊಂದು ದಂಡ ವಿಧಿಸಿದ ಆ ವ್ಯವಸ್ಥೆ ನಮಗೆ ಮಾದರಿಯಾಗಲಾರದು. ಆದರೆ ಈ ಸೂಕ್ಷ್ಮವನ್ನು ಅಲ್ಲಗಳೆಯುವಂತಿಲ್ಲ.

‘ಲೀಗ್ ಆಫ್ ಲೆಜೆಂಡ್ಸ್’ ಆಟದ ಸಂಸ್ಥೆ ರಯಟ್ 2011ರಲ್ಲಿ ಆಟಗಾರರನ್ನೇ ಪಂಚರನ್ನಾಗಿಸಿತು. ದೂರಿಗೆ ಒಳಗಾದವರ ಮಾತುಗಳನ್ನು ಓದಿ ಅವರು ಮತ ಹಾಕುತ್ತಿದ್ದರು. 2014ರ ವೇಳೆಗೆ ಆ ಏರ್ಪಾಡು ನಿಂತಿತಾದರೂ ಸಂಸ್ಥೆಯ ಸಂಶೋಧಕರು ಕಂಡುಕೊಂಡ ಎರಡು ಸಂಗತಿಗಳು ಉಳಿದಿವೆ. ಕೆಟ್ಟ ಮಾತಿನ ಬಹುಪಾಲು ಬರುವುದು ಹುಟ್ಟಾ ಪುಂಡರಿಂದಲ್ಲ, ಎಂದೋ ಒಮ್ಮೆ ತಾಳ್ಮೆ ಕಳೆದುಕೊಳ್ಳುವ ಸಾಮಾನ್ಯರಿಂದ. ಶಿಕ್ಷೆಯ ಕಾರಣವನ್ನು ತಿಳಿಸಿದರೆ ತಪ್ಪು ಮರುಕಳಿಸುವುದು ಕಡಿಮೆಯಾಗುತ್ತದೆ.

ಹಾಗಾದರೆ ಸರ್ಕಾರವೇ ಕಾವಲಿಗೆ ನಿಲ್ಲಬೇಕೆ? ಅಸ್ಪಷ್ಟ ಪದಗಳ ಕಾನೂನು ಎಂಥ ಅನಾಹುತ ತರಬಲ್ಲದೆಂಬುದಕ್ಕೆ ಐಟಿ ಕಾಯ್ದೆಯ 66ಎ ಕಲಮು ಸಾಕ್ಷಿ; ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ರದ್ದುಪಡಿಸಿತು. ಹದಿಹರೆಯದ ಹುಡುಗನ ಒರಟು ಮಾತನ್ನು ಪೊಲೀಸ್ ಠಾಣೆಗೆ ಒಯ್ಯುವುದು ರೋಗಕ್ಕಿಂತ ಘೋರವಾದ ಮದ್ದು. ಕೊಲೆ ಬೆದರಿಕೆ, ಲೈಂಗಿಕ ಕಿರುಕುಳ, ಜಾತಿನಿಂದನೆಗಳ ಮಾತು ಬೇರೆ. ಅವುಗಳಿಗೆ ಕಾನೂನು ಈಗಾಗಲೇ ಇದೆ.

ಉಳಿದದ್ದು ಕಂಪನಿಗಳ ಹೊಣೆ. ಮಧ್ಯವರ್ತಿ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕೆಂದು 2021ರ ನಿಯಮಗಳು ಹೇಳುತ್ತವೆ. ಮೇಲ್ಮನವಿ ಸಮಿತಿಗಳು 2023ರಲ್ಲಿ ರಚನೆಯಾದವು. ಆದರೆ ದೂರನ್ನು ಇಂಗ್ಲಿಷಿನಲ್ಲೇ ಬರೆಯಬೇಕಾದರೆ, ಓದುವವನಿಗೆ ಕನ್ನಡ ಬಾರದಿದ್ದರೆ ಆ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ. ಕನ್ನಡದಲ್ಲಿ ದೂರು ಕೊಡುವ ಅವಕಾಶ, ಆಡುಮಾತು ಬಲ್ಲ ಪರಿಶೀಲಕರು, ಮೊದಲು ಎಚ್ಚರಿಕೆ, ಬಳಿಕ ಅಲ್ಪಕಾಲದ ಮೌನ, ಕೊನೆಗೆ ಉಚ್ಚಾಟನೆ ಎಂಬ ಮೆಟ್ಟಿಲುಗಳು, ಅಪ್ರಾಪ್ತರಿಗೆ ಅಪರಿಚಿತರೊಡನೆ ಮೈಕ್ ಮುಚ್ಚಿಯೇ ಇರುವ ವ್ಯವಸ್ಥೆ: ಇವಾವುವೂ ಅಸಾಧ್ಯವಲ್ಲ. ನಮ್ಮ ಮಕ್ಕಳನ್ನು ಗ್ರಾಹಕರೆಂದು ಎಣಿಸುವ ಸಂಸ್ಥೆಗಳು ಅವರ ಭಾಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.