ಹಲವು ಕೈಗಳ ಹಲಗೆ

ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವವರಿಗೆಲ್ಲ ತಿಳಿದಿರುವ ಸಂಗತಿಯೊಂದುಂಟು. ವಿದ್ಯಾರ್ಥಿಗೆ ವಿಷಯ ಅರ್ಥವಾಗಿದೆಯೆ ಇಲ್ಲವೆ ಎಂಬುದು ಅವನು ತಲೆದೂಗಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟಾಗ ಗೊತ್ತಾಗುತ್ತದೆ. ಪೀನಮಸೂರದ ಮುಂದೆ ವಸ್ತುವನ್ನಿಟ್ಟು, ಅದರ ಬಿಂಬ ಎಲ್ಲಿ ಮೂಡುವುದೆಂದು ಬರೆದು ತೋರಿಸುವಂತೆ ಹೇಳಿರಿ. ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣವನ್ನು ಅವನು ಮಸೂರದಾಚೆ ಯಾವ ಬಿಂದುವಿನ ಮೂಲಕ ಹಾಯಿಸುತ್ತಾನೆ, ಎಲ್ಲಿ ತಡವರಿಸುತ್ತಾನೆ, ಯಾವ ಗೆರೆಯನ್ನು ಒರೆಸಿ ಮತ್ತೆ ಎಳೆಯುತ್ತಾನೆ ಎಂಬುದನ್ನು ನೋಡುತ್ತಿದ್ದರೆ ಸಾಕು, ಮನಸ್ಸಿನೊಳಗಿನ ತೊಡಕು ಕಣ್ಣಿಗೆ ಕಾಣುತ್ತದೆ. ಮುಗಿದ ಚಿತ್ರಕ್ಕಿಂತಲೂ ಅದು ಮೂಡಿಬಂದ ಬಗೆಯೇ ಅಧ್ಯಾಪಕನಿಗೆ ಹೆಚ್ಚು ಉಪಯುಕ್ತವಾದದ್ದು.

ದೂರದಿಂದ ಪಾಠ ಹೇಳುವ ಏರ್ಪಾಡುಗಳಲ್ಲಿ ಮೊದಲು ಕಳೆದುಹೋದದ್ದು ಇದೇ. ಶಿಕ್ಷಣಕ್ಕೆಂದೇ ನಿರ್ಮಿತವಾದ ಎಜುಸ್ಯಾಟ್ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿಸಲಾಯಿತು. ಅದರ ಪ್ರಯೋಜನವನ್ನು ಮೊದಮೊದಲು ಪಡೆದ ಸಂಸ್ಥೆಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಅಂಥ ಉಪಗ್ರಹವು ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಸಂಕೇತವು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕಷ್ಟೆ. ಚಿತ್ರ ಬಂತು, ಧ್ವನಿಯೂ ಬಂತು. ಸೀಮೆಸುಣ್ಣ ಮಾತ್ರ ಸ್ಟುಡಿಯೋದಲ್ಲಿಯೇ ಉಳಿಯಿತು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲಾ ಕಾಲೇಜುಗಳು ಮುಚ್ಚಿ ಪಾಠಗಳು ಫೋನಿಗೆ ಬಂದಾಗಲೂ ಬಹುಮಟ್ಟಿಗೆ ನಡೆದದ್ದು ಹಾಗೆಯೇ. ಒಬ್ಬರು ಬರೆದರು, ಅರವತ್ತು ಮಂದಿ ನೋಡಿದರು.

ಅಂತರಜಾಲದ ಮೂಲಕ ಹಲವರು ಏಕಕಾಲದಲ್ಲಿ ಗೆರೆ ಎಳೆಯಬಹುದಾದ ಬಿಳಿಹಲಗೆಯು ಈ ಕೊರತೆಯನ್ನು ನೀಗಬಲ್ಲ ಉಪಕರಣ. ಇದರ ಕಲ್ಪನೆ ಹೊಸತೇನಲ್ಲ. ಬೆಳಕಿನ ಲೇಖನಿಯಿಂದ ಕಂಪ್ಯೂಟರಿನ ತೆರೆಯ ಮೇಲೆ ಚಿತ್ರ ಬರೆಯುವ ವಿಧಾನವನ್ನು ಐವನ್ ಸದರ್ಲೆಂಡ್ 1963ರಲ್ಲಿಯೇ ತೋರಿಸಿದ್ದರು. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಡಗ್ಲಾಸ್ ಎಂಗೆಲ್ಬಾರ್ಟ್ ಅವರು, ಮೆನ್ಲೊ ಪಾರ್ಕಿನಲ್ಲಿದ್ದ ತಮ್ಮ ಸಹೋದ್ಯೋಗಿಯೊಡನೆ ಒಂದೇ ತೆರೆಯನ್ನು ಹಂಚಿಕೊಂಡು ಕೆಲಸ ಮಾಡಿ ತೋರಿಸಿದರು. ಅಂದು ದೊಡ್ಡ ಸಂಸ್ಥೆಯೊಂದರ ಸಾಹಸವಾಗಿದ್ದುದು ಇಂದು ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳ ಕೈಗೆಟುಕುವ ಕೆಲಸವಾಗಿದೆ. ಆದರೆ ಆ ವಿದ್ಯಾರ್ಥಿಗಳು ಬಣ್ಣಗಳಿಗೂ ಗುಂಡಿಗಳಿಗೂ ಕೊಡುವ ಗಮನವನ್ನು ಸಮಸ್ಯೆಯ ತಿರುಳಿಗೆ ಕೊಡುತ್ತಿಲ್ಲವೆಂಬುದು ನಮ್ಮ ಅಭಿಪ್ರಾಯ.

ತಿರುಳು ಯಾವುದು? ಒಂದು ಸಂದರ್ಭವನ್ನು ಊಹಿಸೋಣ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಒಬ್ಬ ವಿದ್ಯಾರ್ಥಿನಿ, ಗುಬ್ಬಿಯಲ್ಲಿ ಅವಳ ಸಹಪಾಠಿ, ತುಮಕೂರಿನಲ್ಲಿ ಅವರ ಅಧ್ಯಾಪಕರು. ಮೂವರೂ ಒಂದೇ ಹಲಗೆಯ ಮೇಲೆ ಮಸೂರದ ಚಿತ್ರ ಬರೆಯುತ್ತಿದ್ದಾರೆ. ಹಲಗೆಯ ಫೋಟೋವನ್ನೇ ಮತ್ತೆ ಮತ್ತೆ ಕಳುಹಿಸುವುದು ಒಂದು ದಾರಿ. ಅಡ್ಡಲಾಗಿ 1000, ಉದ್ದಕ್ಕೆ 700 ಚಿತ್ರಬಿಂದುಗಳಿದ್ದು ಒಂದೊಂದಕ್ಕೂ ಮೂರು ಬೈಟುಗಳಾದರೆ ಒಟ್ಟು 21 ಲಕ್ಷ ಬೈಟುಗಳಾದವು. ಎಷ್ಟು ಹಿಂಡಿ ಕಿರಿದುಗೊಳಿಸಿದರೂ ಹೊರೆ ಹೊರೆಯೇ. ಅದರ ಬದಲು ಗೆರೆಯನ್ನು ಬಿಂದುಗಳ ಸಾಲಾಗಿ ಕಳುಹಿಸಿದರೆ? ಕೈಯಿಂದೆಳೆದ ಗೆರೆಯಲ್ಲಿ ಅನಾವಶ್ಯಕ ಬಿಂದುಗಳನ್ನು ಬಿಟ್ಟು ಐವತ್ತನ್ನು ಉಳಿಸಿಕೊಂಡು, ಒಂದೊಂದು ಬಿಂದುವಿಗೆ ನಾಲ್ಕು ಬೈಟುಗಳಂತೆ ಲೆಕ್ಕ ಹಾಕಿದರೆ 200 ಬೈಟುಗಳಲ್ಲಿ ಕೆಲಸ ಮುಗಿಯಿತು. ವೃತ್ತಕ್ಕಂತೂ ಕೇಂದ್ರದ ಸ್ಥಾನವನ್ನು ಹೇಳುವ ಎರಡು ಸಂಖ್ಯೆಗಳೂ ತ್ರಿಜ್ಯವೊಂದೂ ಸಾಕು. ವಿಡಿಯೊ ನಿಂತುಹೋಗುವಷ್ಟು ಕ್ಷೀಣವಾದ ಸಂಪರ್ಕದಲ್ಲಿಯೂ ಇಷ್ಟು ಹಾದುಹೋಗುತ್ತದೆ.

ಕಷ್ಟ ಬರುವುದು ಮುಂದೆ. ಕೊತ್ತಗೆರೆಯ ಹುಡುಗಿ ಒಂದು ಬಾಣವನ್ನು ಎಡಕ್ಕೆ ಜರುಗಿಸುತ್ತಾಳೆ. ಅದೇ ಕ್ಷಣದಲ್ಲಿ ಗುಬ್ಬಿಯ ಹುಡುಗ ಅದೇ ಬಾಣವನ್ನು ಅಳಿಸುತ್ತಾನೆ. ಯಾವುದು ಮೊದಲು ನಡೆಯಿತು? ಎರಡು ಫೋನುಗಳ ಗಡಿಯಾರಗಳು ನಿಖರವಾಗಿ ಹೊಂದಿಕೊಂಡಿರುವುದಿಲ್ಲ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುವುದರಿಂದ ಸಾವಿರ ಕಿ.ಮೀ. ದಾಟಲು ಅದಕ್ಕೆ ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ ಮಾತ್ರ ಸಾಕು. ವಿಳಂಬದ ತಪ್ಪು ಬಹುಮಟ್ಟಿಗೆ ಬೆಳಕಿನದಲ್ಲ, ದುರ್ಬಲ ಸಂಕೇತದ್ದು, ಮಧ್ಯೆ ಮಧ್ಯೆ ಕಾದು ನಿಲ್ಲಬೇಕಾದ ಸರದಿಗಳದ್ದು. ಸಂಪರ್ಕ ಹತ್ತು ನಿಮಿಷ ಕಡಿದುಹೋಯಿತೆಂದರೆ ‘ಮೊದಲು’, ‘ಆಮೇಲೆ’ ಎಂಬ ಮಾತುಗಳಿಗೇ ಅರ್ಥವಿಲ್ಲದಂತಾಗುತ್ತದೆ. ಒಂದು ಘಟನೆಯ ಸುದ್ದಿ ಇನ್ನೊಂದನ್ನು ತಲುಪಲು ಸಾಧ್ಯವಿಲ್ಲದಿದ್ದಾಗ ಅವುಗಳ ನಡುವೆ ನಿಶ್ಚಿತವಾದ ಕ್ರಮವಿಲ್ಲವೆಂಬ ಈ ವಿಚಾರವನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಕಂಪ್ಯೂಟರುಗಳಿಗೆ ಅನ್ವಯಿಸಿ ವಿವರಿಸಿದರು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತವನ್ನು ನೆನಪಿಗೆ ತರಬೇಕು. ಲ್ಯಾಂಪೋರ್ಟರಿಗೂ ಸ್ಫೂರ್ತಿ ಬಂದದ್ದು ಅಲ್ಲಿಂದಲೇ.

ಇದಕ್ಕೆ ಸುಲಭವಾದ ಪರಿಹಾರವೆಂದರೆ ನಡುವೆ ಒಂದು ಸರ್ವರನ್ನಿಟ್ಟು, ಅದಕ್ಕೆ ಯಾವುದು ಮೊದಲು ತಲುಪಿತೋ ಅದೇ ಮೊದಲು ಎಂದು ತೀರ್ಮಾನಿಸುವುದು. ನಮ್ಮ ವಿದ್ಯಾರ್ಥಿಗಳ ಹಲಗೆಗಳೆಲ್ಲ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಪ್ರಯೋಗಶಾಲೆಯ ವೇಗದ ಜಾಲದಲ್ಲಿ ಅವು ಅಂದವಾಗಿ ನಡೆಯುತ್ತವೆ. ಸಂಪರ್ಕ ಕಡಿದೊಡನೆ ಹಲಗೆ ಸ್ತಬ್ಧವಾಗುತ್ತದೆ, ಇಲ್ಲವೆ ಅಷ್ಟು ಹೊತ್ತು ಬರೆದದ್ದು ಮಾಯವಾಗುತ್ತದೆ. ಪಟ್ಟಣದವನಿಗೆ ಇದು ಎಂದೋ ಒಮ್ಮೆ ಒದಗುವ ಕಿರಿಕಿರಿ. ಹಳ್ಳಿಯ ಹುಡುಗಿಗೆ ಪಾಠದಿಂದಲೇ ಹೊರಬಿದ್ದಂತೆ. ಆದ್ದರಿಂದ ಕಡಿದ ಸಂಪರ್ಕವನ್ನು ಅಪವಾದವೆಂದು ಎಣಿಸದೆ, ಅದೇ ನಿತ್ಯದ ಸ್ಥಿತಿಯೆಂದು ಹಿಡಿದು ಹಲಗೆಯನ್ನು ಕಟ್ಟಬೇಕೆಂದು ನಾವು ವಾದಿಸುತ್ತೇವೆ.

ಹೀಗೆ ಕಟ್ಟುವುದು ಸಾಧ್ಯವೆ? ಸಾಧ್ಯ. ಮೂರನ್ನೂ ಐದನ್ನೂ ಯಾವ ಕ್ರಮದಲ್ಲಿ ಕೂಡಿದರೂ ಎಂಟೇ. ಹಲವು ಸಂಖ್ಯೆಗಳಲ್ಲಿ ದೊಡ್ಡದನ್ನು ಆರಿಸುವಾಗಲಂತೂ ಅವು ಯಾವ ಕ್ರಮದಲ್ಲಿ ಬಂದರೂ, ಒಂದೇ ಸಂಖ್ಯೆ ಎರಡು ಸಲ ಬಂದರೂ ಉತ್ತರ ಬದಲಾಗದು. ಹಲಗೆಯ ಮೇಲಿನ ಬದಲಾವಣೆಗಳನ್ನೂ ಇಂಥ ಲೆಕ್ಕಕ್ಕೆ ತಂದರೆ, ಸುದ್ದಿಗಳು ಹಿಂದುಮುಂದಾಗಿ ಬಂದರೂ ಕೊನೆಯಲ್ಲಿ ಎಲ್ಲರ ತೆರೆಯ ಮೇಲೂ ಒಂದೇ ಚಿತ್ರ ಮೂಡಬೇಕು. 2011ರಲ್ಲಿ ಮಾರ್ಕ್ ಶಪೀರೊ ಮತ್ತು ಸಂಗಡಿಗರು ಈ ತತ್ತ್ವಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. 2020ರಲ್ಲಿ ಆರಂಭವಾದ ಎಕ್ಸ್‌ಕ್ಯಾಲಿಡ್ರಾ ಎಂಬ ಹಲಗೆಯಲ್ಲಿ ಇದರ ಸರಳ ರೂಪವೊಂದನ್ನು ನೋಡಬಹುದು. ಒಂದೊಂದು ಆಕೃತಿಗೂ ಒಂದು ಗುರುತು, ಒಂದು ಆವೃತ್ತಿಸಂಖ್ಯೆ. ತಿದ್ದಿದಾಗಲೆಲ್ಲ ಆ ಸಂಖ್ಯೆ ಏರುತ್ತದೆ. ಎರಡು ರೂಪಗಳು ಎದುರಾದರೆ ದೊಡ್ಡ ಸಂಖ್ಯೆಯದು ನಿಲ್ಲುತ್ತದೆ. ಸಂಖ್ಯೆಗಳು ಸಮವಾದರೆ ಜೊತೆಗಿರುವ ಯಾದೃಚ್ಛಿಕ ಸಂಖ್ಯೆ ತೀರ್ಮಾನಿಸುತ್ತದೆ. ಅಳಿಸಿದ್ದನ್ನು ಕಿತ್ತೆಸೆಯದೆ ‘ಅಳಿಸಿದೆ’ ಎಂದು ಗುರುತು ಹಾಕಿಡುತ್ತಾರೆ, ಹಿಂದಿನ ಶಾನುಭೋಗರು ಲೆಕ್ಕದ ಪುಸ್ತಕದಲ್ಲಿ ಹಾಳೆ ಹರಿಯದೆ ಅಡ್ಡಗೀಟು ಹಾಕಿದಂತೆ. ಹಾಗೆ ಮಾಡದಿದ್ದರೆ, ಸುದ್ದಿ ತಿಳಿಯದ ಇನ್ನೊಂದು ಫೋನಿನಿಂದ ಆ ಬಾಣ ಮತ್ತೆ ಜೀವ ತಳೆದು ಬಂದೀತು.

ಈ ನಿಯಮದಿಂದ ದೊರೆಯುವುದು ಒಮ್ಮತ. ಅದು ನ್ಯಾಯವೆಂದು ಹೇಳಲಾಗದು. ಇಬ್ಬರು ತಿದ್ದಿದಲ್ಲಿ ಒಬ್ಬರ ಶ್ರಮ ಸದ್ದಿಲ್ಲದೆ ಹೋಗುತ್ತದೆ. ತರಗತಿಯ ಹಲಗೆಯಲ್ಲಿ, ಬದಿಗೆ ಸರಿದ ಗೆರೆಯನ್ನು ಮಸುಕಾಗಿಯಾದರೂ ತೋರಿಸಬೇಕೆಂಬುದು ನಮ್ಮ ಮತ. ಅಧ್ಯಾಪಕನಿಗೆ ಬೇಕಾದದ್ದು ಅನೇಕ ವೇಳೆ ಆ ಗೆರೆಯೇ.

ಕನ್ನಡದ ತೊಡಕೊಂದನ್ನು ಬೇರೆ ಯಾರೂ ನಮಗಾಗಿ ಬಿಡಿಸಿಕೊಡಲಾರರು. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಸಕಾರ, ವಿರಾಮ, ತಕಾರ, ಮತ್ತೆ ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳ ಸರಪಳಿ. ಒಬ್ಬರು ‘ಸ್’ ಬರೆದು ಮುಂದುವರಿಯುವಷ್ಟರಲ್ಲಿ ಇನ್ನೊಬ್ಬರ ‘ಕ’ ನಡುವೆ ತೂರಿದರೆ ‘ಸ್ಕತ್ರೀ’ ಎಂಬ ವಿಚಿತ್ರ ಹುಟ್ಟುತ್ತದೆ. ಒಂದು ಸಂಕೇತವನ್ನೇ ಒಂದು ಅಕ್ಷರವೆಂದು ಭಾವಿಸಿ ಬರೆದ ತಂತ್ರಾಂಶಕ್ಕೆ ಇಲ್ಲಿ ಏನೂ ತಪ್ಪು ಕಾಣುವುದಿಲ್ಲ. ಅಕ್ಷರವನ್ನು ಇಡಿಯಾಗಿ ಹಿಡಿದು ಬೆಸೆಯುವ ವಿಧಾನವನ್ನು ಕನ್ನಡ ಬಲ್ಲವರೇ ರೂಪಿಸಬೇಕು.

ಸಿದ್ಧವಾದ ಹಲಗೆಗಳು ಬೇಕಾದಷ್ಟಿರುವಾಗ ಈ ಶ್ರಮವೆಲ್ಲ ಏಕೆ ಎಂಬ ಆಕ್ಷೇಪಣೆ ಬರುವುದು ಸಹಜ. ಗೂಗಲ್ ಸಂಸ್ಥೆಯ ಜ್ಯಾಮ್‌ಬೋರ್ಡನ್ನು ಎಷ್ಟೋ ಶಾಲೆಗಳು ನೆಚ್ಚಿಕೊಂಡಿದ್ದವು. 2024ರ ಡಿಸೆಂಬರ್ 31ಕ್ಕೆ ಸಂಸ್ಥೆ ಅದನ್ನು ಮುಚ್ಚಿತು. ಅದರ ಮೇಲೆ ಬರೆದಿಟ್ಟ ಪಾಠಗಳನ್ನು ಅಲ್ಲಿಯೇ ತಿದ್ದಿ ಮುಂದುವರಿಸುವ ದಾರಿ ಉಳಿಯಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಅದು ಸಾಧುವೇ ಇರಬಹುದು. ಆದರೆ ಶಾಲೆಯ ಹಲಗೆ ಇನ್ನೊಬ್ಬರ ಲಾಭನಷ್ಟದ ಲೆಕ್ಕಕ್ಕೆ ಏಕೆ ಕಟ್ಟುಬೀಳಬೇಕು? ಎಕ್ಸ್‌ಕ್ಯಾಲಿಡ್ರಾದಂಥ ಮುಕ್ತ ತಂತ್ರಾಂಶಗಳ ಮೂಲಲಿಪಿ ಯಾರಿಗಾದರೂ ಓದಲು, ತಿದ್ದಲು ದೊರೆಯುತ್ತದೆ. ಅದನ್ನು ಅಭ್ಯಾಸಮಾಡಿ, ಶಾಲೆಯ ಒಂದು ಹಳೆಯ ಕಂಪ್ಯೂಟರಿನಲ್ಲಿಯೇ ನೆಲೆಗೊಳಿಸಿ, ಹೊರಗಿನ ಸಂಪರ್ಕವೇ ಇಲ್ಲದಾಗ ಕೋಣೆಯೊಳಗಿನ ನಿಸ್ತಂತು ಜಾಲದ ಮೇಲೆ ನಡೆಯುವಂತೆ ಮಾಡುವುದು ಯಾವ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿತಂಡಕ್ಕೂ ಮೀರಿದ ಕೆಲಸವಲ್ಲ. ತುಮಕೂರಿನಲ್ಲಿ ಅಂಥ ಕಾಲೇಜುಗಳಿಗೆ ಕೊರತೆಯೂ ಇಲ್ಲ.

ಹಲಗೆಯೊಂದನ್ನು ತಂದು ಪರೀಕ್ಷಕರ ಮುಂದಿಟ್ಟಾಗ ಅವರು ಸಂಪರ್ಕವನ್ನು ಹತ್ತು ನಿಮಿಷ ಕಡಿದು, ಎರಡು ಕಡೆಯೂ ಬರೆಸಿ, ಮತ್ತೆ ಜೋಡಿಸಿ ನೋಡಲಿ. ಒಬ್ಬನು ಜರುಗಿಸಿದ್ದನ್ನು ಇನ್ನೊಬ್ಬನು ಅಳಿಸಲಿ. ‘ಸ್ತ್ರೀ’ ಎಂಬುದನ್ನು ಇಬ್ಬರು ಒಟ್ಟಿಗೆ ಬರೆಯಲಿ. ಬಣ್ಣಗಳಿಗೆ ಅಂಕ ಕೊಡುವುದು ಆಮೇಲಾಗಬಹುದು.