ಸ್ಕ್ರೂಡ್ರೈವರ್ ಹಿಡಿದ ಪುಟ್ಟ ಕೈಗಳನ್ನು ತಡೆಯದಿರೋಣ

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ರೈಲಿನಲ್ಲಿ ಹೊರಟರೆ ತೋರಣಗಲ್ಲಿಗೆ ಮುನ್ನ ಗಾದಿಗನೂರು ಸಿಗುತ್ತದೆ. ಅದಿರು ತುಂಬಿದ ಗೂಡ್ಸ್ ಗಾಡಿಗಳು ಈ ಹಳಿಗಳ ಮೇಲೆ ಹಾದುಹೋಗುತ್ತವೆ. ಒಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಇನ್ನೊಂದು ಕಡೆ ಸಂಡೂರಿನ ಗಣಿಗಳು, ಮತ್ತೊಂದು ಕಡೆ ತುಂಗಭದ್ರೆಯ ಅಣೆಕಟ್ಟು. ಈ ಭಾಗದ ಮಕ್ಕಳು ಯಂತ್ರಗಳ ಸದ್ದು ಕೇಳುತ್ತಲೇ ಬೆಳೆಯುತ್ತಾರೆ. ಆದರೆ ಆ ಯಂತ್ರಗಳಲ್ಲಿ ಒಂದನ್ನಾದರೂ ಬಿಚ್ಚಿ ನೋಡುವ, ಮರಳಿ ಜೋಡಿಸುವ ಅವಕಾಶ ಇವರಲ್ಲಿ ಎಷ್ಟು ಮಂದಿಗೆ ಸಿಕ್ಕಿದೆ? ಪ್ರಾಥಮಿಕ ಶಾಲೆಯ ಮಕ್ಕಳು ತಂಡ ಕಟ್ಟಿಕೊಂಡು ರೋಬೋಟ್ ಸ್ಪರ್ಧೆಗೆ ಇಳಿಯುತ್ತಿರುವ ಈ ಕಾಲದಲ್ಲಿ, ಅದು ಮಹಾನಗರದ ದುಬಾರಿ ಶಾಲೆಗಳ ಶೋಕಿ ಎಂದು ನಾವು ಕೈತೊಳೆದುಕೊಳ್ಳುವುದು ಸರಿಯೇ? ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಗಂಭೀರವಾಗಿ ಚರ್ಚಿಸಬೇಕಾಗಿದೆ.

ಮೊದಲು ಈ ಸ್ಪರ್ಧೆಯ ಸ್ವರೂಪವನ್ನು ಅರಿತುಕೊಳ್ಳೋಣ. 1998ರಲ್ಲಿ ಆರಂಭವಾದ ಫಸ್ಟ್ ಲೆಗೊ ಲೀಗ್ ಮತ್ತು 2004ರಿಂದ ನಡೆಯುತ್ತಿರುವ ವಿಶ್ವ ರೋಬೋಟ್ ಒಲಿಂಪಿಯಾಡ್ ಇವುಗಳಲ್ಲಿ ಹೆಸರುವಾಸಿ. ಒಲಿಂಪಿಯಾಡಿನ ಅಂತಾರಾಷ್ಟ್ರೀಯ ಸುತ್ತಿಗೆ 2016ರಲ್ಲಿ ನಮ್ಮ ದೇಶವೇ ಆತಿಥ್ಯ ವಹಿಸಿತ್ತು. ಅದರ ಕಿರಿಯ ವಿಭಾಗ ಇರುವುದೇ 8ರಿಂದ 12 ವರ್ಷದ ಮಕ್ಕಳಿಗಾಗಿ. ಎರಡು ಅಥವಾ ಮೂರು ಮಕ್ಕಳದ್ದು ಒಂದು ತಂಡ. ಪ್ರತಿವರ್ಷ ಹೊಸ ವಿಷಯವೊಂದು ಪ್ರಕಟವಾಗುತ್ತದೆ. ಮೇಜಿನ ಮೇಲೆ ಹಾಸಿದ ನಕ್ಷೆಯಲ್ಲಿ ಪುಟ್ಟ ಬಂಡಿಯೊಂದು ತಾನಾಗಿಯೇ ಸಾಗಿ ವಸ್ತುವನ್ನು ಎತ್ತಬೇಕು, ಇನ್ನೊಂದೆಡೆಗೆ ಸಾಗಿಸಬೇಕು, ಅಡ್ಡಿಯನ್ನು ದಾಟಬೇಕು. ಬಂಡಿ ಹೊರಟ ಮೇಲೆ ರಿಮೋಟ್ ಇಲ್ಲ, ಹಿಂದೆ ನಿಂತು ದಾರಿ ಹೇಳುವವರಿಲ್ಲ. ಮೊದಲೇ ಬರೆದುಕೊಟ್ಟ ಆದೇಶಗಳೂ ಸೆನ್ಸರ್‌ಗಳೂ ಅದನ್ನು ನಡೆಸಬೇಕು.

ಮುಂಗಾರಿನ ಹಂಗಾಮಿಗೆ ರೈತ ಹೇಗೆ ತಿಂಗಳುಗಟ್ಟಲೆ ದುಡಿಯುತ್ತಾನೋ ಹಾಗೆಯೇ ಈ ಸ್ಪರ್ಧೆಗೂ ಒಂದು ಹಂಗಾಮು ಇದೆ. ಲೆಗೊ ಲೀಗಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಆಟದ ಅವಧಿ ಕೇವಲ ಎರಡೂವರೆ ನಿಮಿಷ. ಆ ಎರಡೂವರೆ ನಿಮಿಷಕ್ಕಾಗಿ ಮಕ್ಕಳು ತಿಂಗಳುಗಟ್ಟಲೆ ಕಟ್ಟುತ್ತಾರೆ, ಕೆಡವುತ್ತಾರೆ. ನಿನ್ನೆ ನೇರವಾಗಿ ಓಡಿದ ಬಂಡಿ ಇಂದು ಎಡಕ್ಕೆ ವಾಲುತ್ತದೆ. ಬ್ಯಾಟರಿ ಇಳಿದಿರಬಹುದು, ಚಕ್ರಕ್ಕೆ ಧೂಳು ಅಂಟಿರಬಹುದು, ಕೋಣೆಯ ಬೆಳಕು ಬದಲಾಗಿ ಸೆನ್ಸರ್ ಬಣ್ಣವನ್ನು ತಪ್ಪಾಗಿ ಓದಿರಬಹುದು. ಕಾರಣವನ್ನು ಮಕ್ಕಳೇ ಹುಡುಕಬೇಕು. ಹಿರಿಯರು ಕೈಹಾಕುವಂತಿಲ್ಲ ಎಂಬುದು ಈ ಸ್ಪರ್ಧೆಗಳ ಮುಖ್ಯ ನಿಯಮ. ಲೆಗೊ ಲೀಗಿನಲ್ಲಿ ತೀರ್ಪುಗಾರರು ಬಂಡಿ ಗಳಿಸಿದ ಅಂಕಗಳ ಜೊತೆಗೆ ಅದರ ವಿನ್ಯಾಸ, ಮಕ್ಕಳು ಸಮಾಜದ ಒಂದು ಸಮಸ್ಯೆಗೆ ಕಂಡುಕೊಂಡ ಪರಿಹಾರ ಮತ್ತು ಅವರು ಒಬ್ಬರೊಡನೊಬ್ಬರು ನಡೆದುಕೊಂಡ ರೀತಿಯನ್ನೂ ತೂಗುತ್ತಾರೆ.

ಈ ಹಂಗಾಮಿನ ನಿಜವಾದ ಫಸಲು ಟ್ರೋಫಿಯಲ್ಲ. ತಪ್ಪಾದಾಗ ಅಳದೆ, ಜೊತೆಗಾರನ ಮೇಲೆ ದೂರು ಹೊರಿಸದೆ, "ಎಲ್ಲಿ ತಪ್ಪಿತು?" ಎಂದು ಕೇಳುವ ಮನಸ್ಸೇ ಆ ಫಸಲು. ನಮ್ಮ ಶಾಲೆಗಳಲ್ಲಿ ತಪ್ಪಿಗೆ ಸಿಗುವುದು ಕೆಂಪು ಗೆರೆ. ಮನೆಯಲ್ಲಿ ಸಿಗುವುದು ಗದರಿಕೆ. ತಪ್ಪು ಮಾಡಿ, ಅದನ್ನು ತಾನೇ ಹುಡುಕಿ, ತಾನೇ ಸರಿಪಡಿಸಿದ ಹತ್ತು ವರ್ಷದ ಮಗುವಿಗೆ ಸಿಗುವ ಆತ್ಮವಿಶ್ವಾಸವನ್ನು ಯಾವ ಟ್ಯೂಷನ್ ಕೊಡಬಲ್ಲದು?

ಇದರ ಬೆಲೆ ಏನೆಂಬುದನ್ನು ನಮ್ಮ ಭಾಗದ ಜನರಿಗೆ ವಿವರಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ಕಣ್ಣೆದುರೇ ಬೆಳೆಯ ನೀರು ಹರಿದುಹೋಗುವುದನ್ನು ನೋಡಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರರೂ ಕಾರ್ಮಿಕರೂ, ಭೋರ್ಗರೆಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟಿನ ಭಾಗಗಳನ್ನು ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಹರಿವನ್ನು ತಡೆದರು. ಅಂದು ಅಣೆಕಟ್ಟಿನ ಮೇಲೆ ಬೇಕಾಗಿದ್ದುದು ಅಳತೆ ತೆಗೆಯುವವರು, ಬೆಸುಗೆ ಹಾಕುವವರು, ಕ್ರೇನ್ ನಡೆಸುವವರು ಮತ್ತು ಈ ಎಲ್ಲರ ಕೆಲಸವನ್ನು ಒಂದು ಎಳೆಯಲ್ಲಿ ಪೋಣಿಸುವ ಬುದ್ಧಿ. ಪ್ರಾಥಮಿಕ ಶಾಲೆಯ ಮೇಜಿನ ಮೇಲಿನ ಪುಟ್ಟ ಬಂಡಿ ಕಲಿಸುವುದು ಇದೇ ಬುದ್ಧಿಯ ಮೊದಲ ಪಾಠವನ್ನು.

ಹಾಗಾದರೆ ನಮ್ಮ ಮಕ್ಕಳು ಎಲ್ಲಿದ್ದಾರೆ? 2006ರ ಸಾಚಾರ್ ಸಮಿತಿ ವರದಿಯು 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆ ಎಂದು ಹೇಳಿತ್ತು. ಆ ಬಳಿಕ ಸಮುದಾಯ ಬಹಳಷ್ಟು ಎಚ್ಚೆತ್ತಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಶಾಲೆಗೆ ಸೇರಿಸುವುದಷ್ಟೇ ಗುರಿಯಾಗಿದ್ದ ಕಾಲ ಮುಗಿದಿದೆ. ಶಾಲೆಯೊಳಗೆ ಮಗು ಏನು ಮಾಡುತ್ತಿದೆ ಎಂದು ಕೇಳುವ ಕಾಲ ಬಂದಿದೆ.

ಸರಕಾರವೂ ಏನೂ ಮಾಡಿಲ್ಲವೆಂದಲ್ಲ. 2016ರಿಂದ ನೀತಿ ಆಯೋಗದ ಅಡಿಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಆರಂಭವಾದವು. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಗೊತ್ತುಪಡಿಸಿದ ಈ ಯೋಜನೆಯಡಿ ದೇಶದಲ್ಲಿ 10,000ಕ್ಕೂ ಮಿಕ್ಕಿ ಲ್ಯಾಬ್‌ಗಳು ಸ್ಥಾಪನೆಯಾದವು. ಮುಂದಿನ ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್‌ಗಳನ್ನು ತೆರೆಯುವುದಾಗಿ 2025ರ ಬಜೆಟಿನಲ್ಲಿ ಘೋಷಿಸಲಾಯಿತು. ಸ್ವಾಗತಾರ್ಹ. ಆದರೆ ಈ ಯೋಜನೆಯನ್ನು ರೂಪಿಸಿದ್ದು 6ನೇ ತರಗತಿಯಿಂದ 12ರವರೆಗಿನ ಮಕ್ಕಳಿಗಾಗಿ. ಐದನೆಯ ತರಗತಿಯವರೆಗಿನ ಮಗುವಿಗೆ ಇದರಲ್ಲಿ ಜಾಗವಿಲ್ಲ. ಶುಲ್ಕ ಕೊಡಬಲ್ಲ ಮನೆಯ ಮಗು ಎಂಟನೆಯ ವಯಸ್ಸಿಗೇ ಮೋಟಾರು, ಗೇರುಗಳೊಡನೆ ಆಡಿ ಬೆಳೆಯುತ್ತದೆ. ಕೊಡಲಾಗದ ಮನೆಯ ಮಗು ಆರನೆಯ ತರಗತಿಯಲ್ಲಿ, ಅದೂ ಅದೃಷ್ಟವಿದ್ದರೆ, ಮೊದಲ ಬಾರಿ ಅವನ್ನು ಮುಟ್ಟುತ್ತದೆ. ಓಟ ಶುರುವಾಗುವ ಮೊದಲೇ ಒಬ್ಬನನ್ನು ಹಿಂದೆ ನಿಲ್ಲಿಸಿದಂತಲ್ಲವೇ ಇದು?

ವಿಪರ್ಯಾಸವೆಂದರೆ, ಈ ಕಲಿಕೆಗೆ ಬೇಕಾದ ಕೈಚಳಕ ನಮ್ಮ ಮನೆಗಳಲ್ಲೇ ಇದೆ. ಹೊಸಪೇಟೆ, ಕಂಪ್ಲಿ, ಸಂಡೂರಿನ ಯಾವ ಪೇಟೆ ಬೀದಿಯಲ್ಲಿ ನಡೆದರೂ ಗ್ಯಾರೇಜು, ವೆಲ್ಡಿಂಗ್ ಶಾಪು, ಮೋಟಾರ್ ವೈಂಡಿಂಗ್, ಮೊಬೈಲ್ ರಿಪೇರಿಯ ಅಂಗಡಿಗಳಲ್ಲಿ ದುಡಿಯುವ ನಮ್ಮವರನ್ನು ಕಾಣುತ್ತೇವೆ. ಕೆಟ್ಟ ಪಂಪ್‌ಸೆಟ್ಟಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ. ಆದರೆ ಆ ಮೇಸ್ತ್ರಿಯ ಮಗ ಶಾಲೆಯಲ್ಲಿ ತಂದೆಯ ಕಸುಬನ್ನು ಹೇಳಲು ನಾಚುತ್ತಾನೆ. ಪಂಕ್ಚರ್ ಅಂಗಡಿಯನ್ನು ನಮ್ಮ ಸಮುದಾಯದ ಹೀಯಾಳಿಕೆಯ ಮಾತಾಗಿ ಬಳಸುವವರು ಬೆಳೆಸಿದ ನಾಚಿಕೆ ಅದು. ಅದನ್ನು ನಾವೂ ಮೌನವಾಗಿ ಒಪ್ಪಿಕೊಂಡೆವು. ಗ್ಯಾರೇಜಿನಲ್ಲಿ ದೋಷ ಹುಡುಕುವ ಕ್ರಮಕ್ಕೂ ರೋಬೋಟಿನ ದೋಷ ಹುಡುಕುವ ಕ್ರಮಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಬರೆದಿಡುವುದರಲ್ಲಿ, ಅಳೆಯುವುದರಲ್ಲಿ, ಕಾರಣವನ್ನು ಇನ್ನೊಬ್ಬರಿಗೆ ವಿವರಿಸುವುದರಲ್ಲಿ. ಅಂಗಡಿಯ ಕೈಗೆ ಶಾಲೆಯ ಲೆಕ್ಕವನ್ನು ಕೂಡಿಸಿದರೆ ಏನಾಗಬಹುದೆಂದು ನಾವು ಯೋಚಿಸಿದ್ದೇವೆಯೇ?

ಇಲ್ಲಿ ಅಲ್ ಜಝರಿಯ ಹೆಸರು ನೆನಪಾಗುವುದು ಸಹಜ. ದಿಯಾರ್‌ಬಕಿರ್‌ನಲ್ಲಿ ಅರ್ತುಖಿ ಅರಸರ ಆಶ್ರಯದಲ್ಲಿದ್ದ ಈ ಮೇಧಾವಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ಆನೆಯ ಗಡಿಯಾರ, ವಾದ್ಯ ನುಡಿಸುವ ಬೊಂಬೆಗಳ ದೋಣಿ, ನೀರೆತ್ತುವ ಯಂತ್ರಗಳು ಸೇರಿ 50 ಸಾಧನಗಳ ವಿವರಣೆಯಿದೆ. ನಮ್ಮ ಭಾಷಣಗಳಲ್ಲಿ ಇಂಥ ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಆದರೆ ತಾತ ಉಂಡ ತುಪ್ಪದಿಂದ ಮೊಮ್ಮಗನ ಹೊಟ್ಟೆ ತುಂಬದು. ಅಲ್ ಜಝರಿಯ ಹಿರಿಮೆಯಿರುವುದು ತಾನು ಕಟ್ಟಿದ್ದನ್ನು ಇನ್ನೊಬ್ಬರೂ ಕಟ್ಟುವಂತೆ ಚಿತ್ರಸಹಿತ, ಅಳತೆಸಹಿತ ಬರೆದಿಟ್ಟದ್ದರಲ್ಲಿ. ಅವರನ್ನು ಗೌರವಿಸುವ ದಾರಿಯೆಂದರೆ ಮಗುವಿನ ಕೈಗೆ ಒಂದು ಮೋಟಾರನ್ನೂ ಒಂದು ನೋಟ್‌ಬುಕ್ಕನ್ನೂ ಕೊಡುವುದು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. 2017ರಲ್ಲಿ ಅಫ್ಘಾನಿಸ್ತಾನದ ಹೆರಾತಿನ ಹುಡುಗಿಯರ ತಂಡಕ್ಕೆ ವಾಷಿಂಗ್ಟನ್‌ನ ರೋಬೋಟ್ ಸ್ಪರ್ಧೆಗೆ ಹೋಗಲು ಅಮೆರಿಕ ಎರಡು ಬಾರಿ ವೀಸಾ ನಿರಾಕರಿಸಿತು. ಕೊನೆಗೆ ಅನುಮತಿ ಸಿಕ್ಕು ಹೋದ ಅವರು ಧೀರ ಸಾಧನೆಗಾಗಿ ಬೆಳ್ಳಿ ಪದಕ ಪಡೆದರು. 2020ರ ಕೊರೋನಾ ಕಾಲದಲ್ಲಿ ಅದೇ ತಂಡದ ಹುಡುಗಿಯರು ಹಳೆಯ ಟೊಯೊಟಾ ಕಾರಿನ ಬಿಡಿಭಾಗಗಳನ್ನು ಬಳಸಿ ಅಗ್ಗದ ವೆಂಟಿಲೇಟರಿನ ಮಾದರಿಯನ್ನು ರೂಪಿಸಲು ಶ್ರಮಿಸಿದರು. 2021ರಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದಾಗ ಅವರಲ್ಲಿ ಹಲವರು ದೇಶ ಬಿಡಬೇಕಾಯಿತು. ಅಲ್ಲಿ ಹುಡುಗಿಯರ ಪ್ರೌಢಶಾಲೆಗಳ ಬಾಗಿಲು ಮುಚ್ಚಿತು. ಅದನ್ನು ನಾವು ಖಂಡಿಸುತ್ತೇವೆ, ಖಂಡಿಸಲೇಬೇಕು. ಆದರೆ ಅಭ್ಯಾಸ ಮುಗಿದು ಸಂಜೆ ಆರಾಗುತ್ತದೆಂದು ನಾಲ್ಕನೆಯ ತರಗತಿಯ ಮಗಳನ್ನು ತಂಡದಿಂದ ಬಿಡಿಸಿ, ಅವಳ ಅಣ್ಣನನ್ನು ಮಾತ್ರ ಕಳುಹಿಸುವ ಮನೆ ನಮ್ಮ ಬೀದಿಯಲ್ಲೂ ಇದ್ದರೆ ಆ ಖಂಡನೆಗೆ ಏನು ಬೆಲೆ? ಮಗಳನ್ನು ಕರೆತರಲು ಹೋಗುವ ಅಬ್ಬಾನ ಅರ್ಧ ಗಂಟೆಯೇ ಇಲ್ಲಿ ದೊಡ್ಡ ಕೊಡುಗೆ.

ಎಚ್ಚರಿಕೆಯ ಮಾತೂ ಬೇಕು. ರೋಬೋಟಿಕ್ಸ್ ಹೆಸರಿನಲ್ಲಿ ದೊಡ್ಡ ವ್ಯಾಪಾರ ನಡೆಯುತ್ತಿದೆ. ದುಬಾರಿ ಕಿಟ್ ಮಾರಿ, ತಿಂಗಳಿಗೊಂದು ಸರ್ಟಿಫಿಕೇಟ್ ಹಂಚಿ, ಮಗು ವಿಜ್ಞಾನಿಯಾಯಿತೆಂದು ನಂಬಿಸುವವರಿದ್ದಾರೆ. ಸಾಲ ಮಾಡಿ ಅಂಥ ಕಿಟ್ ಕೊಳ್ಳಬೇಕಾಗಿಲ್ಲ. ಮಗುವಿನ ಬದಲು ತಾವೇ ಬಂಡಿ ಕಟ್ಟಿಕೊಟ್ಟು ಬಹುಮಾನ ಗೆಲ್ಲಿಸುವ ಹೆತ್ತವರೂ ಇದ್ದಾರೆ. ಅವರು ಮಗುವಿಗೆ ಕಲಿಸುವುದು ವಿಜ್ಞಾನವನ್ನಲ್ಲ, ವಂಚನೆಯನ್ನು. ಸ್ಪರ್ಧೆಯಲ್ಲಿ ಸೋತು ಬಂದ ಮಗುವನ್ನು ಹಂಗಿಸುವುದಾದರೆ ಕಳುಹಿಸದಿರುವುದೇ ಮೇಲು.

ಹಾಗಾದರೆ ಮಾಡಬಹುದಾದುದೇನು? ಅಂಜುಮನ್‌ಗಳೂ ಮಸೀದಿ ಕಮಿಟಿಗಳೂ ತಮ್ಮ ಸಭಾಂಗಣದ ಒಂದು ಮೂಲೆಯನ್ನು ಭಾನುವಾರ ಎರಡು ಗಂಟೆ ಕಾಲ ಮಕ್ಕಳಿಗೆ ಬಿಟ್ಟುಕೊಡಲಿ. ಕೆಟ್ಟ ಆಟಿಕೆ, ಹಳೆಯ ಫ್ಯಾನು, ಟೇಪ್‌ರೆಕಾರ್ಡರಿನ ಮೋಟಾರುಗಳಿಂದಲೇ ಆರಂಭಿಸಬಹುದು. ಕರೆಂಟಿಗೆ ಜೋಡಿಸದೆ ಬ್ಯಾಟರಿಯಿಂದಲೇ ನಡೆಸುವ ಎಚ್ಚರಿಕೆ ಮಾತ್ರ ಇರಲಿ. ಊರಿನ ಮೇಸ್ತ್ರಿಯೊಬ್ಬರನ್ನು ಗೌರವದಿಂದ ಕರೆದು ಗುರುವಿನ ಕುರ್ಚಿಯಲ್ಲಿ ಕೂರಿಸೋಣ. ಆದೇಶ ಬರೆಯುವುದನ್ನು ಕಲಿಸಲು 2007ರಿಂದ ಉಚಿತವಾಗಿ ದೊರೆಯುತ್ತಿರುವ ಸ್ಕ್ರ್ಯಾಚ್ ಇದೆ; ಒಂದು ಹಳೆಯ ಕಂಪ್ಯೂಟರ್ ಸಾಕು. ಕಿಟ್ ಬೇಕೆಂದಾದಾಗ ಹತ್ತು ಮನೆಗಳು ಸೇರಿ ಒಂದನ್ನು ಕೊಳ್ಳಲಿ. ಮದುವೆಯ ಒಂದು ಹೊತ್ತಿನ ಊಟದಲ್ಲಿ ಒಂದು ಬಗೆಯನ್ನು ಕಡಿಮೆ ಮಾಡಿದರೆ ಆ ಹಣ ಭಾರವಾಗದು. ತಂಡದಲ್ಲಿ ನಮ್ಮ ಮಕ್ಕಳಷ್ಟೇ ಇರಬೇಕಾಗಿಲ್ಲ. ಪಕ್ಕದ ಮನೆಯ, ಪಕ್ಕದ ಕೇರಿಯ ಮಕ್ಕಳೂ ಬರಲಿ. ಒಂದೇ ಬಂಡಿಯ ಚಕ್ರ ಸರಿಪಡಿಸಿದ ಮಕ್ಕಳು ದೊಡ್ಡವರಾದ ಮೇಲೆ ಒಬ್ಬರನ್ನೊಬ್ಬರು ಅಷ್ಟು ಸುಲಭವಾಗಿ ಶಂಕಿಸಲಾರರು.

ಇದರೊಂದಿಗೆ ಹಕ್ಕಿನ ಮಾತನ್ನೂ ಮರೆಯಬಾರದು. ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತಿರುವ ನಮ್ಮ ಹೆತ್ತವರು ಸಭೆಗೆ ಹೋಗಿ ಸಹಿ ಹಾಕಿ ಬರುವುದಷ್ಟೇ ಸಾಲದು. ನಮ್ಮ ಶಾಲೆಗೆ ಲ್ಯಾಬ್ ಏಕೆ ಬಂದಿಲ್ಲ, ಬಂದಿದ್ದರೆ ಅದರ ಬೀಗ ವಾರಕ್ಕೆ ಎಷ್ಟು ಬಾರಿ ತೆರೆಯುತ್ತದೆ, ಕೆಳಗಿನ ತರಗತಿಯ ಮಕ್ಕಳನ್ನೂ ವಾರಕ್ಕೊಮ್ಮೆ ಒಳಗೆ ಬಿಡಬಾರದೇಕೆ ಎಂದು ಅವರು ಕೇಳಬೇಕು. ಕೇಳದವರ ಶಾಲೆಗೆ ಯೋಜನೆಗಳು ತಾವಾಗಿ ನಡೆದುಬರುವುದಿಲ್ಲ.

ಗಾದಿಗನೂರಿನ ಹಳಿಯ ಪಕ್ಕ ನಿಂತು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುವ ಮಗು ಎಣಿಸುವುದರಲ್ಲೇ ನಿಲ್ಲಬಾರದು. ಅದು ಹೇಗೆ ಚಲಿಸುತ್ತದೆ, ಕೆಟ್ಟರೆ ಹೇಗೆ ಸರಿಪಡಿಸುವುದು ಎಂದು ಕೇಳಬೇಕು. ಮನೆಯ ಗಡಿಯಾರವನ್ನೋ ರೇಡಿಯೋವನ್ನೋ ಬಿಚ್ಚಿ ಹರಡಿಕೊಂಡು ಕುಳಿತ ಮಗುವನ್ನು ಕಂಡರೆ ಗದರಿಸುವ ಮೊದಲು ನಾವು ಒಂದು ಕ್ಷಣ ಯೋಚಿಸೋಣ. "ಮುಟ್ಟಬೇಡ" ಎಂಬ ಮಾತನ್ನು ನಮ್ಮ ಮಕ್ಕಳು ಹೊರಗೆ ಸಾಕಷ್ಟು ಕೇಳುತ್ತಾರೆ. ಮನೆಯಲ್ಲಾದರೂ ಅವರು "ಬಿಚ್ಚಿದ್ದೀಯಲ್ಲ, ಈಗ ಜೋಡಿಸು ನೋಡೋಣ" ಎಂಬ ಮಾತನ್ನು ಕೇಳಲಿ.